ಬೌಲರ್‌ಗಳಿಗೆ ನ್ಯಾಯ ಕೊಡದ ಕಾರ್ಡುಗಳು

ತೊಂಬತ್ತರ ದಶಕದಲ್ಲಿ ಜಾಲಹಳ್ಳಿಯ ಎಚ್‌ಎಂಟಿ ಕಾಲೊನಿಯಲ್ಲೋ ಪೀಣ್ಯದ ವಠಾರಗಳಲ್ಲೋ ಬೆಳೆದವರಿಗೆ ಕ್ರಿಕೆಟ್ ಟ್ರಂಪ್ ಕಾರ್ಡ್ ಅಂದರೇನೆಂದು ಹೇಳಬೇಕಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದ ಆ ಕಟ್ಟುಗಳ ಮೇಲೆ ನನಗೂ ಮೋಹವಿದೆ. ಆದರೆ ಬೌಲರ್‌ಗಳ ವಿಷಯದಲ್ಲಿ ಅವು ನಮಗೆ ತಪ್ಪು ಪಾಠ ಕಲಿಸಿದವು ಎಂಬುದು ನನ್ನ ತಕರಾರು.

ಆಟದ ನಿಯಮವನ್ನೇ ನೋಡಿ. ಕಾರ್ಡಿನ ಒಂದು ಲೆಕ್ಕವನ್ನು ಕೂಗಬೇಕು, ಯಾರ ಅಂಕಿ ದೊಡ್ಡದೋ ಅವರಿಗೆ ಎದುರಾಳಿಯ ಕಾರ್ಡು. ರನ್, ಗರಿಷ್ಠ ಮೊತ್ತ, ಶತಕ ಎಂದು ಬಹುಪಾಲು ಬ್ಯಾಟ್ಸ್‌ಮನ್‌ಗಳದೇ ಲೆಕ್ಕ. ವೆಂಕಟೇಶ್ ಪ್ರಸಾದ್ ಕೈಗೆ ಬಂದರೆ, ಕೂಗುವ ಸರದಿ ನಮ್ಮದಾಗಿದ್ದರಷ್ಟೇ ಬಚಾವ್. ಎದುರಿನವನು ‘ರನ್’ ಅಂದನೋ, ಕಾರ್ಡು ಹೋಯಿತು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದ ವಿಶ್ವಕಪ್ ಪಂದ್ಯದಲ್ಲಿ ಪಾಕಿಸ್ತಾನದ ಆಮಿರ್ ಸೊಹೇಲ್ ಸ್ಟಂಪ್ ಎಗರಿಸಿದವರು ನಮ್ಮ ಬೀದಿಯಲ್ಲಿ ಸೋಲುವ ಕಾರ್ಡಾಗಿದ್ದರು! ಬಿ.ಎಸ್. ಚಂದ್ರಶೇಖರ್ ಅವರಿಗೆ ಇಂಥ ಕಾರ್ಡು ಮಾಡಿದ್ದರೆ 58 ಟೆಸ್ಟ್‌ಗಳ 242 ವಿಕೆಟ್‌ಗಳ ಪಕ್ಕದಲ್ಲೇ 167 ರನ್ ಎಂದು ಅಚ್ಚಾಗುತ್ತಿತ್ತು. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ ಆ ಪೋಲಿಯೊಪೀಡಿತ ಕೈಗೆ ಅಲ್ಲಿ ಜಾಗವೇ ಇಲ್ಲ.

ಅಮೆರಿಕದ ಬೇಸ್‌ಬಾಲ್ ಕಾರ್ಡುಗಳು ಈ ವಿಷಯದಲ್ಲಿ ಮೇಲು. ಅವುಗಳಲ್ಲಿ ಎಷ್ಟೋ ಕಾರ್ಡುಗಳ ಹಿಂಬದಿಯಲ್ಲಿ ಪಿಚರ್‌ನ (ಚೆಂಡೆಸೆಯುವವನ) ವರ್ಷವಾರು ಲೆಕ್ಕವಿರುತ್ತದೆ. ಯಾವ ವರ್ಷ ಮಿಂಚಿದ, ಯಾವ ವರ್ಷ ಆಡಲೇ ಇಲ್ಲ ಎಂಬುದು ಸಾಲುಗಳಲ್ಲೇ ಕಾಣುತ್ತದೆ.

ನಮ್ಮ ಇ.ಎ.ಎಸ್. ಪ್ರಸನ್ನ ಅವರನ್ನು ಹಾಗೆ ಓದಬೇಕು. 49 ಟೆಸ್ಟ್, 189 ವಿಕೆಟ್ ಎಂಬ ಒಟ್ಟು ಮೊತ್ತ ಏನನ್ನೂ ಹೇಳುವುದಿಲ್ಲ. 1962ರಲ್ಲಿ ಎರಡು ಟೆಸ್ಟ್ ಆಡಿ ಎಂಜಿನಿಯರಿಂಗ್ ಓದಲು ಹೋದವರು ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆಮೇಲೂ ತಮ್ಮ 20ನೇ ಟೆಸ್ಟ್‌ನಲ್ಲೇ 100 ವಿಕೆಟ್ ಪೂರೈಸಿದರು. ನಡುವಿನ ಆ ಖಾಲಿ ವರ್ಷಗಳ ಬೆಲೆ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳಿಗೆ ಬಿಡಿಸಿ ಹೇಳಬೇಕೆ? ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಪದಾರ್ಪಣೆ ಮಾಡಿದರೂ ತವರಿನಲ್ಲಿ ಟೆಸ್ಟ್ ಆಡಲು 1994ರವರೆಗೆ ಕಾಯಬೇಕಾಯಿತು. 1999ರ ಫೆಬ್ರುವರಿಯಲ್ಲಿ ಅನಿಲ್ ಕುಂಬ್ಳೆ ಅವರಿಗೆ ಇನಿಂಗ್ಸ್‌ನ ಹತ್ತನೇ ವಿಕೆಟೂ ಸಿಗಲೆಂದು ದೆಹಲಿಯ ಕೋಟ್ಲಾದಲ್ಲಿ ಬೇಕೆಂದೇ ಸ್ಟಂಪ್‌ನಿಂದಾಚೆ ಬೌಲ್ ಮಾಡಿದವರೂ ಅವರೇ. ಅದೇ ತಿಂಗಳು ಈಡನ್ ಗಾರ್ಡನ್ಸ್‌ನಲ್ಲಿ 13 ವಿಕೆಟ್ ಪಡೆದರು, ಭಾರತ ಸೋತಿತು. ಅವರ ಕಾರ್ಡಿನ ‘ಶ್ರೇಷ್ಠ: 8/86’ ಎಂಬ ಅಂಕಿಯ ಹಿಂದೆ ಇಷ್ಟೆಲ್ಲ ಇದೆ.

ದೊಡ್ಡ ಗಣೇಶ್ ಅವರದು ಇನ್ನೂ ಅನ್ಯಾಯದ ಕಥೆ. 4 ಟೆಸ್ಟ್, 5 ವಿಕೆಟ್ ಅಷ್ಟೇ ನೋಡಿದರೆ ಯಾರೂ ಕಾರ್ಡು ಎತ್ತಿಡುವುದಿಲ್ಲ. ಪ್ರಥಮ ದರ್ಜೆಯಲ್ಲಿ ಅವರು ಕಿತ್ತಿದ್ದು 365 ವಿಕೆಟ್.

ಇಂದು ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್‌ಗಳ ಮಕ್ಕಳ ಕೈಯಲ್ಲಿರುವ ಐಪಿಎಲ್ ಕಾರ್ಡುಗಳಿಗೆ ಹೊಳಪು ಹೆಚ್ಚು, ವಿವರ ಇನ್ನೂ ಕಡಿಮೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ನಮ್ಮ ಬೌಲರ್‌ಗಳದೇ ಒಂದು ಕಟ್ಟು ಹೊರತರಲಿ. ಹಿಂಬದಿಯಲ್ಲಿ ರಣಜಿ ಲೆಕ್ಕವೂ ಸೇರಿ ವರ್ಷಕ್ಕೊಂದು ಸಾಲಿರಲಿ, ಕನ್ನಡದಲ್ಲಿ.