ಡಬ್ಬಿಯ ಮೇಲಿನ ಚಿತ್ರ

ಇದು ಒಂದು ಕರಪತ್ರದ ವಿಮರ್ಶೆ. ಕಥೆ, ಕಾದಂಬರಿ, ಕವನಗಳನ್ನೇ ವಿಮರ್ಶಿಸಬೇಕೆಂದು ಯಾರು ಹೇಳಿದರು? ನಮ್ಮ ಹಳ್ಳಿಗಳಲ್ಲಿ ಕಾದಂಬರಿಗಿಂತ ಹೆಚ್ಚು ಜನ ಓದುವುದು ಕರಪತ್ರ. ಅರಸೀಕೆರೆಯಿಂದ ಹೊರಟು ಹಳೇಬೀಡಿನ ಮೇಲೆ ಬೇಲೂರಿನ ತನಕ ಡಬ್ಬಿ ಹಿಡಿದು ನಡೆದ ಸ್ವಯಂಸೇವಕರ ತಂಡವೊಂದು ಹಂಚಿದ್ದು ಇದು. ನಮ್ಮ ಸುತ್ತಲಿನ ಬಡತನವನ್ನು ಕಣ್ತೆರೆದು ನೋಡಿ, ಕೈಲಾದಷ್ಟು ನೀಡಿ ಎಂಬುದು ಒಕ್ಕಣೆ. ಮೇಲೆ, ಗುಡಿಸಲ ಮುಂದೆ ಕೂತ ಹೆಂಗಸಿನ ಚಿತ್ರ. ಕೆಳಗೆ ನಾಲ್ಕು ಸಾಲಿನ ಪದ್ಯ. ಆ ತಂಡದಲ್ಲಿ ನಾವೂ ಇದ್ದೆವು. ಪದ್ಯವೂ ನಮ್ಮದೇ. ಆದ್ದರಿಂದ ಬೈಗುಳದಲ್ಲಿ ಮೊದಲ ಪಾಲು ನಮಗೇ ಸೇರತಕ್ಕದ್ದು.

ನಡೆದ ಹುಡುಗರ ಪ್ರಾಮಾಣಿಕತೆಯಲ್ಲಿ ನಮಗೆ ಅನುಮಾನವಿಲ್ಲ. ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಬಂದ ಹಣ ಲೆಕ್ಕಕ್ಕೆ ಸಿಕ್ಕು ಮಕ್ಕಳ ಪುಸ್ತಕಕ್ಕೆ, ಔಷಧಿಗೆ ಹೋಯಿತು. ನಮ್ಮ ತಕರಾರು ಭಾಷೆಯದು.

ಚಿತ್ರದಲ್ಲಿರುವವಳು ನಮ್ಮಲ್ಲೊಬ್ಬನ ಚಿಕ್ಕವ್ವ. ಹಳೇಬೀಡಿನಲ್ಲಿ ಕೂಲಿ ಮುಗಿಸಿ ಬರುತ್ತಿದ್ದ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಹಾಕಿ, ಚಿತ್ರ ನೋಡಿ, 'ಯಾವೂರೋಳಪ್ಪ ಇವ್ಳು, ಪಾಪ, ಹಿಂಗೆ ಸೊರಗವ್ಳೆ' ಅಂದಳು. ಆ ಮುದುಕಿಯೇನು ತುಂಬಿದ ಮನೆಯವಳಲ್ಲ. ನಾವು ಚಿಕ್ಕವ್ವನಿಗೆ ಕರಪತ್ರ ತೋರಿಸಿದ್ದು ಆಮೇಲೆ. ಬಹಳ ಹೊತ್ತು ನೋಡಿದಳು. 'ಅವತ್ತು ನಾನು ರಾಗಿ ಹೊಲದಾಗೆ ಕಳೆ ಕಿತ್ತು ಬಂದು ಕುಂತಿದ್ದೆ ಕಣ್ರಲಾ. ಇದ್ರಾಗೆ ನಾನು ಮಾಡಿದ ಕೆಲ್ಸನೇ ಕಾಣಾಕಿಲ್ವಲ್ಲ.'

ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾವು ಕಾಲೇಜಿನಲ್ಲಿ ಓದಲಿಲ್ಲ. ಮತ್ತೆ ಕರಪತ್ರ ಹಿಡಿದು ಕೂತೆವು. ಅದರಲ್ಲಿ ಬಡತನ ಎಂಬುದು ಮಳೆಯ ಹಾಗೆ, ಸಿಡುಬಿನ ಹಾಗೆ ತಾನೇ ಬಂದಿದೆ. ತಂದವರಿಲ್ಲ. ಅರಸೀಕೆರೆಯ ತೆಂಗಿನ ತೋಟವಿಲ್ಲ, ಬೇಲೂರಿನ ಕಾಫಿ ಎಸ್ಟೇಟಿಲ್ಲ, ಅವುಗಳಲ್ಲಿ ಬೆನ್ನು ಬಗ್ಗಿಸಿದವರಿಗೆ ಸಂಜೆ ಎಷ್ಟು ಸಿಕ್ಕಿತೆಂಬ ಮಾತಿಲ್ಲ. ನಮ್ಮ ಪದ್ಯದಲ್ಲಿ ಕಣ್ಣೀರು ಎರಡು ಸಲ ಬಂದಿದೆ. ಕೂಲಿ ಎಂಬ ಶಬ್ದ ಒಂದು ಸಲವೂ ಬಂದಿಲ್ಲ. ಪ್ರಾಸಕ್ಕೆ ಸಿಗಲಿಲ್ಲವೆಂದು ಸಬೂಬು ಹೇಳಬಹುದು. ಹೇಳುವುದಿಲ್ಲ.

ಈ ವ್ಯಾಕರಣ ನಮ್ಮ ಹುಡುಗರ ಕಾಲಕ್ಕೆ ಹುಟ್ಟಿದ್ದೂ ಅಲ್ಲ. ನಾವು ನಡೆದ ದಾರಿಯ ಕಲ್ಲುಗಳಲ್ಲೇ ಅದಿದೆ. ಈ ಸೀಮೆಯ ದಾನಶಾಸನಗಳಲ್ಲಿ ಕೊಟ್ಟವನ ಬಿರುದುಗಳಿವೆ, ಪಡೆದ ದೇವರ ಹೆಸರಿದೆ, ಭೂಮಿಯ ಎಲ್ಲೆ ಇದೆ. ಉತ್ತವನು ಎಲ್ಲಿ? 1117ರ ಬೇಲೂರು ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರಾದರೂ ಉಳಿದಿದೆ. ಕಲ್ಲು ಹೊತ್ತವರ ಹೆಸರು ಹುಡುಕಿದರೆ ಸಿಗುವುದಿಲ್ಲ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಗುಡಿಗಳು.

ನಮ್ಮ ಕಾಲಕ್ಕೆ ಹತ್ತಿರದ ದೊಡ್ಡ ಡಬ್ಬಿ ಎಂದರೆ ಭೂದಾನ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದಲಿತರು ವಿನೋಬಾರ ಮುಂದೆ 80 ಎಕರೆ ಕೇಳಿದರು. ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆಂದರು. ಪಾಠ ಹೇಳುವಾಗ ನಾವು ಕೊಟ್ಟವರ ಹೆಸರು ಹೇಳುತ್ತೇವೆ. ಕೇಳಿದವರನ್ನು 'ದಲಿತರು' ಎಂದು ಒಟ್ಟು ಮಾಡಿ ಮುಗಿಸುತ್ತೇವೆ, ಈಗ ನಾವೇ ಮಾಡಿದ ಹಾಗೆ. 1957ರಲ್ಲಿ ಮೈಸೂರು ಬಳಿಯ ಯಲವಾಲದಲ್ಲಿ ನೆಹರೂ ಸಮೇತ ದೊಡ್ಡವರೆಲ್ಲ ಕೂತು ಗ್ರಾಮದಾನವನ್ನು ಹೊಗಳಿದರು. ದಾನವಾಗಿ ಬಂದ ಭೂಮಿಯಲ್ಲಿ ಎಷ್ಟೋ ಕಲ್ಲುಗುಡ್ಡ, ಎಷ್ಟೋ ಹಂಚಿಕೆಯೇ ಆಗದ್ದು.

ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಭಾಷೆ ಬೇರೆ. ಫಾರಂ ನಂಬರ್ 7ರಲ್ಲಿ ಗೇಣಿದಾರ ತಾನೇ ಮಾತಾಡುತ್ತಾನೆ: ಇದು ನಾನು ಉಳುವ ಭೂಮಿ, ಇಂಥ ಸರ್ವೆ ನಂಬರು. ಕಣ್ಣೀರಿಗೆ ಅಲ್ಲಿ ಕಾಲಂ ಇರಲಿಲ್ಲ. ಆದರೆ ಗೇಣಿ ಚೀಟಿಯೂ ಇಲ್ಲದೆ ಕೂಲಿಗೆ ಮಾತ್ರ ದುಡಿದ ನಮ್ಮ ಕೇರಿಯವರಿಗೆ ಆ ಫಾರಂ ತುಂಬಲು ಏನಿತ್ತು?

ಬೇಲೂರಿನದೇ ಇನ್ನೊಂದು ಸಂಗತಿ. ಚೆನ್ನಕೇಶವನ ಪಾದರಕ್ಷೆ ಸವೆದರೆ ಚನ್ನಗಿರಿ, ಬಸವಾಪಟ್ಟಣದ ಚರ್ಮಕಾರರಿಗೆ ಕನಸು ಬೀಳುತ್ತಿತ್ತಂತೆ. ಹೊಸ ಜೋಡು ಹೊಲಿದು ತಂದು ಒಪ್ಪಿಸುವಾಗ ಅವರಿಗೆ ಗುಡಿಯ ಅಂಗಳಕ್ಕೆ ಪ್ರವೇಶವಿತ್ತೆಂದು ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಇಲ್ಲಿ ಬರಿಗಾಲಲ್ಲಿರುವುದು ದೇವರು, ಕೊಡುವ ಕೈ ನಮ್ಮವರದು. ಆದರೂ ಅಂಗಳದ ತನಕ ಮಾತ್ರ. ಬೇಲೂರಿನ ಬೀದಿಯಲ್ಲಿ ಡಬ್ಬಿ ಕುಲುಕುತ್ತಾ ನಡೆದ ನಮಗೆ ಈ ಸಂಗತಿ ನೆನಪಾಗಲಿಲ್ಲ. ನೆನಪಾಗಿದ್ದರೆ ಪದ್ಯವನ್ನು ಹರಿದು ಹಾಕುತ್ತಿದ್ದೆವೇನೋ.

ಮುಂದಿನ ನಡಿಗೆಗೆ ಕರಪತ್ರ ಆಗಬೇಕಿದೆ. ಏನು ಬರೆಯೋಣ ಚಿಕ್ಕವ್ವ ಎಂದು ಕೇಳಿದೆವು.

'ಹದಿನೆಂಟು ದಿನದ ಕೂಲಿ ಬಾಕಿ ಐತೆ, ಅದ್ನ ಬರೀರಿ. ಯಾರು ಕೊಡ್ಬೇಕು ಅನ್ನಾದ್ನ ನಾನು ಹೇಳ್ತೀನಿ.'

ಜೊತೆಯಲ್ಲಿ ನಡೆದ ಗೆಳೆಯರಿಬ್ಬರು, ಹಾಗೆ ಬರೆದರೆ ಡಬ್ಬಿಗೆ ಯಾರೂ ದುಡ್ಡು ಹಾಕುವುದಿಲ್ಲ ಎನ್ನುತ್ತಿದ್ದಾರೆ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.