ಮಾಹಿಮ್‌ನಲ್ಲಿ ‘ಗೊಲ್ಗೊಥಾ’

ತಮ್ಮ ತೀರಿಕೊಂಡದ್ದು ಜ್ವರದಲ್ಲಿ, ನಾಲ್ಕನೆಯ ದಿನ. ಅವನಿಗೆ 26 ವರ್ಷ. ಊರಿನಲ್ಲಿ ಕಾರ್ಯಗಳನ್ನೆಲ್ಲ ಮುಗಿಸಿ ಅಂಧೇರಿಯ ಬಾಡಿಗೆ ಮನೆಗೆ ವಾಪಸಾದ ಮೇಲೂ ಫೋನುಗಳು ನಿಲ್ಲಲಿಲ್ಲ. ಋಣ ಇಷ್ಟೇ ಇತ್ತು ಎಂದರು. ಹಣೆಯಲ್ಲಿ ಬರೆದದ್ದು ಎಂದರು. ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ ಎಂದರು. ಹಾಗಾದರೆ ಇನ್ನೂ ಬದುಕಿರುವ ನಾವೆಲ್ಲ ಏನು ಎಂದು ಕೇಳಬೇಕೆನಿಸಿ ಸುಮ್ಮನಾದೆ. ಯಾರದೂ ತಪ್ಪಲ್ಲ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಲಾಗದೆ ಎಲ್ಲರೂ ಒಂದೊಂದು ಅರ್ಥವನ್ನು ಹಿಡಿದುಕೊಂಡು ಬರುತ್ತಾರೆ.

ಕೆಳಗಿನ ಮನೆಯ ಬಾಯಮ್ಮ ಮಾತ್ರ ಏನನ್ನೂ ತರಲಿಲ್ಲ. ಬೆಳ್ತಂಗಡಿ ಕಡೆಯವರು, ಮುಂಬಯಿಗೆ ಬಂದು ನಲವತ್ತು ವರ್ಷವಾಯಿತು, ಗಲ್ಫಿಗೆ ಹೋದ ಮಗನನ್ನು ಕಳೆದುಕೊಂಡವರು. ಬಂದು ಕುರ್ಚಿಯಲ್ಲಿ ಅರ್ಧ ಗಂಟೆ ಕೂತಿದ್ದರು. ಏಳುವಾಗ, “ಬುಧವಾರ ಮಾಹಿಮಿಗೆ ಹೋಗ್ತೇನೆ. ಬರ್ತೀಯಾ ಮಗಾ?” ಎಂದರು. ನಾನು ಕ್ರೈಸ್ತನಲ್ಲ, ದೊಡ್ಡ ಭಕ್ತನೂ ಅಲ್ಲ. ಹೋದೆ.

ಮಾಹಿಮ್‌ನ ಸೇಂಟ್ ಮೈಕೆಲ್ ಇಗರ್ಜಿಯ ಬುಧವಾರದ ನೊವೆನಾ 1948ರಿಂದ ನಡೆದುಬಂದದ್ದು. ಹೊರಗೆ ಮೇಣದ ಕೈ, ಮೇಣದ ಕಾಲು, ಮೇಣದ ಮಗು, ಮೇಣದ ಮನೆ ಮಾರುತ್ತಾರೆ. ಕಾಲು ನೋವಿದ್ದವರು ಕಾಲು, ಫ್ಲಾಟ್ ಬೇಕಾದವರು ಮನೆ. ಸಾಲಿನಲ್ಲಿ ಕುಂಕುಮವಿಟ್ಟವರು, ಬುರ್ಖಾ ತೊಟ್ಟವರು, ಆಫೀಸಿನ ಐಡಿ ಕಾರ್ಡು ಕೊರಳಲ್ಲೇ ಇದ್ದವರು. ಯಾವ ಆಕಾರ ಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಈಗಾಗಲೇ ಹೋದವನಿಗೆ ಬೇಕಾದ ಆಕಾರ ಅಲ್ಲಿರಲಿಲ್ಲ. ಬರೀ ಒಂದು ಮೇಣದ ಬತ್ತಿ ಕೊಂಡೆ.

ಆ ರಾತ್ರಿ ಕಪಾಟಿನಿಂದ ಗೋವಿಂದ ಪೈಗಳ ‘ಗೊಲ್ಗೊಥಾ’ ತೆಗೆದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿ, ಅರ್ಥವಾಗದೆ, ಅರ್ಥವಾದಂತೆ ಬರೆದು ಪಾಸಾದ ಪುಸ್ತಕ. ಈ ಲೇಖನ ಅದರ ಎರಡನೆಯ ಓದು.

ಪೈಗಳು (1883–1963) ಮಂಜೇಶ್ವರದವರು. ಕ್ರೈಸ್ತರಲ್ಲ. 1930ರ ದಶಕದಲ್ಲಿ ಅವರು ಯೇಸುವಿನ ಬಗ್ಗೆ ಖಂಡಕಾವ್ಯ ಬರೆಯಲು ಕೂತಾಗ ಕೈಗೆ ಸಿಗಬಹುದಾಗಿದ್ದ ವಸ್ತು ಎಷ್ಟು! ಕೊಟ್ಟಿಗೆಯ ಹುಟ್ಟು, ಕುರುಡನಿಗೆ ಕಣ್ಣು ಕೊಟ್ಟದ್ದು, ಬೆಟ್ಟದ ಮೇಲಿನ ಬೋಧನೆ. ಗಾಂಧಿಯುಗದ ಹಿಂದೂ ಓದುಗನಿಗೆ ಬೆಟ್ಟದ ಬೋಧನೆ ಎಲ್ಲಕ್ಕಿಂತ ಸುಲಭವಾಗಿ ಸಲ್ಲುತ್ತಿತ್ತು. ಪೈಗಳು ಆರಿಸಿಕೊಂಡದ್ದು ಕಡೆಯ ದಿನವನ್ನು. ಹೆಸರಿಟ್ಟದ್ದು ‘ಯೇಸು’ ಎಂದಲ್ಲ, ‘ಕ್ರಿಸ್ತಚರಿತೆ’ ಎಂದೂ ಅಲ್ಲ. ತಲೆಬುರುಡೆ ಎಂಬರ್ಥದ ಅರಮಾಯಿಕ್ ಮಾತೊಂದನ್ನು, ಗಲ್ಲಿಗೇರಿಸುವ ಜಾಗದ ಹೆಸರನ್ನು. ಕಾವ್ಯದ ಮೊದಲ ತೀರ್ಮಾನ ಹೆಸರಿನಲ್ಲೇ ಆಗಿಹೋಗಿದೆ: ನಾವು ನೋಡಬೇಕಾದದ್ದು ಭಾನುವಾರವನ್ನಲ್ಲ, ಶುಕ್ರವಾರವನ್ನು. (ನಮ್ಮ ಕ್ಯಾಲೆಂಡರುಗಳು ಆ ದಿನವನ್ನು ‘ಶುಭ ಶುಕ್ರವಾರ’ ಎನ್ನುತ್ತವೆ. ಸಾವಿನ ದಿನಕ್ಕೆ ಶುಭ ಎನ್ನುವ ಧೈರ್ಯ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ತಕರಾರು ಮತ್ತು ಕುತೂಹಲ.)

ಇದರ ಪಕ್ಕದಲ್ಲಿ ಪೈಗಳದೇ ‘ವೈಶಾಖಿ’ಯನ್ನು (1946) ಇಟ್ಟು ನೋಡಬೇಕು. ಅದು ಬುದ್ಧನ ಕಡೆಯ ದಿನ. ಒಬ್ಬನೇ ಕವಿ ಎರಡು ಸಾವುಗಳನ್ನು ಆರಿಸಿಕೊಂಡದ್ದನ್ನು ನಮ್ಮ ವಿಮರ್ಶೆ ಸಮನ್ವಯ, ಸರ್ವಧರ್ಮ ಸಮಭಾವ ಎಂದು ಕರೆದು ಕೈತೊಳೆದುಕೊಳ್ಳುತ್ತದೆ. ನನಗೆ ಕಾಣುವುದು ಅವುಗಳ ಅಂತರ. ಬುದ್ಧ 80 ವರ್ಷ ತುಂಬಿದವನು, ಸಾಲವೃಕ್ಷಗಳ ನಡುವೆ, ಶಿಷ್ಯರು ಸುತ್ತ ಇರುವಾಗ ಹೋಗುತ್ತಾನೆ. ಇನ್ನೊಬ್ಬ ಮೂವತ್ತರ ಆಸುಪಾಸಿನವನು. ಊರಾಚೆಯ ದಿಬ್ಬದಲ್ಲಿ, ಇಬ್ಬರು ಅಪರಾಧಿಗಳ ನಡುವೆ, ಗೆಳೆಯರಲ್ಲಿ ಹೆಚ್ಚಿನವರು ಓಡಿಹೋದ ಮೇಲೆ. ಬುದ್ಧನಲ್ಲಿ ದುಃಖಕ್ಕೆ ಕಾರಣವಿದೆ, ಕಾರಣಕ್ಕೆ ಮದ್ದಿದೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೌತಮಿಗೆ ಸಾವಿಲ್ಲದ ಮನೆಯ ಸಾಸಿವೆ ತರಲು ಹೇಳಿದ ಕತೆ ನಮಗೆಲ್ಲ ಗೊತ್ತು. ಅದು ನಿಜವಾದ ಮಾತೇ. ಆದರೆ ನನಗೆ ಬಂದ ಫೋನುಗಳಲ್ಲಿ ಎಷ್ಟೋ ಮಂದಿ ಆ ಸಾಸಿವೆಯನ್ನೇ ಕೊಟ್ಟಿದ್ದರು, ಎಲ್ಲರ ಮನೆಯಲ್ಲೂ ಆಗುವುದೇ ಎಂದು. ಎಲ್ಲರ ಮನೆಯಲ್ಲೂ ಆಗುತ್ತದೆ. ನನ್ನ ಮನೆಯಲ್ಲಿ ಆದದ್ದು ನನ್ನ ತಮ್ಮನಿಗೆ.

ಗೊಲ್ಗೊಥಾದ ಕತೆಯಲ್ಲಿ ವಿವರಣೆ ಇಲ್ಲ. ಇದನ್ನು ಕ್ರೈಸ್ತ ಗೆಳೆಯರು ಒಪ್ಪದಿರಬಹುದು. ಪಾಪ, ಪ್ರಾಯಶ್ಚಿತ್ತ, ಬಲಿ ಎಂದು ಅವರಲ್ಲಿ ದೊಡ್ಡ ವಿವರಣೆಯೇ ಇದೆ. ಕನ್ನಡದಲ್ಲೂ ಅದಕ್ಕೆ ಚರಿತ್ರೆಯಿದೆ. ನಿಘಂಟಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಾಗಿ ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿಗೆ ತಂದರು, ಹತ್ತು ವರ್ಷದ ಬಳಿಕ ‘ಯಜ್ಞಸುಧಾನಿಧಿ’ಯಲ್ಲಿ ವೈದಿಕ ಯಜ್ಞದಿಂದ ಕ್ರಿಸ್ತನ ಬಲಿಯವರೆಗೆ ದಾರಿ ಹಾಕಲು ಹೊರಟರು. ಪಾಂಡಿತ್ಯ ದೊಡ್ಡದು. ಆದರೆ ಯಜ್ಞ ಎಂದ ಕೂಡಲೇ ನೋವಿಗೊಂದು ಲೆಕ್ಕ ಬಂದುಬಿಡುತ್ತದೆ: ಇಷ್ಟು ಕೊಟ್ಟರೆ ಇಷ್ಟು ಫಲ. ಸುವಾರ್ತೆಗಳಲ್ಲಿ ಶಿಲುಬೆಯ ದೃಶ್ಯವನ್ನು ಮಾತ್ರ ಓದಿ ನೋಡಿ, ಅಲ್ಲಿ ಲೆಕ್ಕ ಹೇಳುವವರು ಯಾರೂ ಇಲ್ಲ. ನೋವು ಮರೆಸಲು ಕೊಟ್ಟ ಬೆರಕೆ ದ್ರಾಕ್ಷಾರಸವನ್ನು ಯೇಸು ಕುಡಿಯಲೊಲ್ಲ. ಹೆಂಗಸರು ದೂರದಲ್ಲಿ ನಿಂತು ನೋಡುತ್ತಿದ್ದಾರೆ. ಮಾರ್ಕ ಮತ್ತು ಮತ್ತಾಯರ ಪ್ರಕಾರ ಯೇಸು ಕೊನೆಗೆ, ದೇವರು ತನ್ನ ಕೈಯನ್ನೇಕೆ ಬಿಟ್ಟನೆಂದು ಗಟ್ಟಿಯಾಗಿ ಕೂಗುತ್ತಾನೆ. ಲೂಕ, ಯೋಹಾನರಲ್ಲಿ ಈ ಕೂಗು ಇಲ್ಲ. ಅಲ್ಲಿ ಸಾವು ಹೆಚ್ಚು ಶಾಂತ. ನಾಲ್ಕರಲ್ಲಿ ಎರಡು ಪುಸ್ತಕಗಳು ಆ ಕೂಗನ್ನು ಉಳಿಸಿಕೊಂಡಿವೆ, ಒಂದು ಧರ್ಮ ತನ್ನ ನಡುಮನೆಯಲ್ಲಿ ಈ ಅನುಮಾನವನ್ನು ಇಟ್ಟುಕೊಂಡಿದೆ ಎನ್ನುವುದು ನನಗೆ ಯಾವ ವಿವರಣೆಗಿಂತಲೂ ದೊಡ್ಡದೆನಿಸಿತು.

ಆ ಕೂಗಿನ ಬಗ್ಗೆ ಇನ್ನೊಂದು ಸಂಗತಿ. ಅದು ಸ್ವಂತ ಮಾತಲ್ಲ. 22ನೆಯ ಕೀರ್ತನೆಯ ಮೊದಲ ಮಾತು ಅದು. ಉಸಿರು ಕಟ್ಟುತ್ತಿರುವಾಗ ಹೊಸ ವಾಕ್ಯ ಹುಟ್ಟುವುದಿಲ್ಲ; ಚಿಕ್ಕಂದಿನಲ್ಲಿ ಕೇಳಿದ ತನ್ನ ಜನರ ಹಾಡು ಬಾಯಿಗೆ ಬರುತ್ತದೆ. ನನ್ನ ತಾಯಿ ತಮ್ಮನ ಹೆಸರು ಹಿಡಿದು ಅತ್ತಾಗ ಬಂದದ್ದೂ ಅವಳ ತಾಯಿ ಯಾರಿಗಾಗಿಯೋ ಅತ್ತ ಧಾಟಿಯೇ. ಕನ್ನಡ ಕ್ರೈಸ್ತರು ಯೇಸುವಿನ ಸಂಕಟವನ್ನು ‘ಪಾಡು’ ಎನ್ನುತ್ತಾರೆ. ಹಳಗನ್ನಡದಲ್ಲಿ ಪಾಡು ಎಂದರೆ ಹಾಡು ಕೂಡ ಹೌದು. ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರು ತಮ್ಮ ಪಾಡನ್ನು ತಮ್ಮಲ್ಲೇ ಇಟ್ಟುಕೊಂಡು ನಮಗೆ ಹಾಡನ್ನಷ್ಟೇ ಕೊಡಲು ಹೊರಟರು. ಪೈಗಳದು ಬೇರೆ ಬಗೆ. ಮತ್ತೊಬ್ಬನ, ಮತ್ತೊಂದು ಮತದವನ ಪಾಡನ್ನು ಎತ್ತಿ ತನ್ನ ಭಾಷೆಯ ಹಳೆಯ ಹಾಡಿನೊಳಗೆ ಇಟ್ಟರು.

ಆ ಭಾಷೆಯ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಕಷ್ಟ. 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟ ಸಾಹಸಿ, ಶಬ್ದಗಳ ವಿಷಯದಲ್ಲಿ ಮಾತ್ರ ಏನನ್ನೂ ಬಿಡಲಿಲ್ಲ. ಪಕ್ಕದಲ್ಲಿ ನಿಘಂಟು ಬೇಕು. ಮೊದಲ ಓದಿನಲ್ಲಿ ಇದು ಪಾಂಡಿತ್ಯದ ಹೊರೆಯೆನಿಸಿತ್ತು, ಕೆಲವೆಡೆ ಈಗಲೂ ಅನಿಸುತ್ತದೆ. ರಕ್ತ ಸುರಿಯುತ್ತಿರುವಾಗ ಸಮಾಸ ಬಿಡಿಸುತ್ತ ಕೂರಬೇಕಾದ ಕಡೆಗಳಿವೆ. ಆದರೆ ಮೂರು ವಾರದಿಂದ ನಿದ್ದೆಯಿಲ್ಲದ ನನಗೆ ಆ ನಿಧಾನ ಒದಗಿಬಂತು. ಸಾಂತ್ವನದ ಮಾತುಗಳೆಲ್ಲ ಬೇಗ ಅರ್ಥವಾಗುತ್ತವೆ, ಬೇಗ ಮುಗಿಯುತ್ತವೆ. ಈ ಸಾಲುಗಳು ಬೇಗ ಮುಗಿಯಲಿಲ್ಲ. ಒಬ್ಬನ ಒಂದು ದಿನದ ಸಂಕಟದ ಪಕ್ಕದಲ್ಲಿ ಹತ್ತು ರಾತ್ರಿ ಕೂತೆ.

ಕೂರುವುದರ ಬಗ್ಗೆ ಹಳೆಯ ಒಡಂಬಡಿಕೆಯ ಯೋಬನ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕ ನನಗೆ ಗೊತ್ತಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದವನನ್ನು ನೋಡಲು ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂರುತ್ತಾರೆ. ಕೆಡುವುದು ಅವರು ಬಾಯಿ ತೆರೆದ ಮೇಲೆ. ಪಾಪ ಮಾಡಿರಬೇಕು, ದೇವರು ಕಾರಣವಿಲ್ಲದೆ ಶಿಕ್ಷಿಸುವುದಿಲ್ಲ ಎಂದು ವಾದಕ್ಕಿಳಿಯುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ತನ್ನ ಮೇಲೆ ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ. ಇಂಗ್ಲಿಷಿನ ಸಿ. ಎಸ್. ಲೂಯಿಸ್ 1940ರಲ್ಲಿ ‘ದ ಪ್ರಾಬ್ಲಮ್ ಆಫ್ ಪೇನ್’ ಬರೆದಾಗ ಆ ಗೆಳೆಯರಂತೆಯೇ ಅಚ್ಚುಕಟ್ಟಾಗಿ ವಾದಿಸಿದ್ದರು. 1960ರಲ್ಲಿ ಹೆಂಡತಿ ಸತ್ತಳು. ಮರುವರ್ಷ ಬಂದ ‘ಎ ಗ್ರೀಫ್ ಅಬ್ಸರ್ವ್ಡ್’ ಯೋಬನ ಧಾಟಿಯಲ್ಲಿದೆ. ಅದಕ್ಕೆ ಅವರು ಸ್ವಂತ ಹೆಸರನ್ನೂ ಹಾಕಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಭಜನೆಯಾದೀತು. ಎಲ್ಲ ನೋವೂ ಶಿಲುಬೆಯಲ್ಲ. ಇದನ್ನು ನನಗೆ ಕಲಿಸಿದವರು ನಮ್ಮ ಕ್ರೈಸ್ತ ಲೇಖಕರೇ ಆದ ನಾ. ಡಿಸೋಜ. ಶರಾವತಿ ಯೋಜನೆಯ ಕಾಲದಲ್ಲಿ ಸರ್ಕಾರಿ ನೌಕರರಾಗಿದ್ದು ಊರುಗಳು ಮುಳುಗುವುದನ್ನು ಕಣ್ಣಾರೆ ಕಂಡವರು. ಇಗರ್ಜಿಯ ಸುತ್ತಲಿನ ಬದುಕನ್ನೂ ಬರೆದರು. ಮುಳುಗಡೆಯ ಕತೆಗಳಲ್ಲಿ ಮಾತ್ರ ನೋವಿಗೆ ದೈವದ ಹೊದಿಕೆ ಹೊದಿಸಲಿಲ್ಲ. ನೀರು ಏರಿದ್ದು ಅಣೆಕಟ್ಟು ಕಟ್ಟಿದ್ದರಿಂದ. ಅವರ ‘ದ್ವೀಪ’ವನ್ನು ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದಾಗ ಕೊನೆಯಲ್ಲಿ ಒಂದು ದೃಶ್ಯ ಇಟ್ಟರು. ಮಳೆ ನಿಂತಿದೆ, ಮನೆ ಉಳಿದಿದೆ. ಮನೆಯನ್ನು ಉಳಿಸಿದ್ದು ಇರುಳೆಲ್ಲ ಒದ್ದಾಡಿದ ನಾಗಿ. ಗಂಡ ಗಣಪ ಅದನ್ನು ದೇವರ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಆಗ ಸೌಂದರ್ಯ ಅವರ ಮುಖ ನೋಡಬೇಕು. ನೋವಿಗೆ ಹೊರಗಿನವರು ಅರ್ಥ ಹಚ್ಚಿದಾಗ ನೊಂದವಳಿಂದ ಕದಿಯುವುದು ಏನೆಂದು ಅಲ್ಲಿ ಗೊತ್ತಾಗುತ್ತದೆ. ಅರ್ಥವೊಂದು ಇರುವುದೇ ಆದರೆ ಅದನ್ನು ಹೇಳುವ ಹಕ್ಕು ನೊಂದವರದು. ಅವರು ಹೇಳದೆಯೂ ಇರಬಹುದು.

ನಮ್ಮ ಮುಂಬಯಿ ಕನ್ನಡದ ಕತೆಗಳಲ್ಲಿ, ಮುಖ್ಯವಾಗಿ ಜಯಂತ ಕಾಯ್ಕಿಣಿಯವರಲ್ಲಿ, ಈ ಎಚ್ಚರ ಇದೆ. ಅಲ್ಲಿ ನೋವಿಗೆ ಅರ್ಥ ಹೇಳುವವರು ಕಡಿಮೆ, ಜೊತೆಗೆ ನಿಲ್ಲುವ ಅಪರಿಚಿತರು ಹೆಚ್ಚು. ಸುವಾರ್ತೆಯ ಕುರೇನ್ಯದ ಸೀಮೋನ ಆ ಕತೆಗಳಲ್ಲಿ ಸಲೀಸಾಗಿ ಸೇರಿಕೊಳ್ಳುತ್ತಿದ್ದ. ಪರ ಊರಿನವನು, ಹೊಲದ ಕಡೆಯಿಂದ ಬರುತ್ತಿದ್ದವನು. ಸಿಪಾಯಿಗಳು ಹಿಡಿದು ಬಲವಂತದಿಂದ ಶಿಲುಬೆ ಹೊರಿಸಿದರು. ಅವನಿಗೆ ನಂಬಿಕೆ ಇತ್ತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ಸ್ವಲ್ಪ ದೂರ ಹೊತ್ತ, ಅಷ್ಟೆ.

ಭಾನುವಾರದ ಮಾತಿಗೂ ಬರಬೇಕು, ಏಕೆಂದರೆ ಬಾಯಮ್ಮನ ನಂಬಿಕೆ ನಿಂತಿರುವುದು ಅದರ ಮೇಲೆ. ನನಗೆ ಅಲ್ಲಿಗೆ ದಾಟಲು ಆಗುತ್ತಿಲ್ಲ. ಆದರೂ ಯೋಹಾನ ಹೇಳುವ ಒಂದು ವಿವರ ಬಿಡುತ್ತಿಲ್ಲ. ಎದ್ದು ಬಂದವನ ಮೈಮೇಲೆ ಗಾಯಗಳು ಹಾಗೇ ಇದ್ದವು; ತೋಮನಿಗೆ ಗುರುತಾಗಿ ತೋರಿಸಿದ್ದು ಅವನ್ನೇ. ಸಾವನ್ನೇ ಗೆದ್ದವನಿಗೆ ಗಾಯ ಮಾಯಿಸಿಕೊಳ್ಳುವುದು ಕಷ್ಟವಿತ್ತೇ? ಕತೆ ಬರೆದವರು ಅದನ್ನು ಉಳಿಸಿದರು. ಗಾಯವಿಲ್ಲದೆ ಬಂದಿದ್ದರೆ ಅವನು ಇನ್ಯಾರೋ ಆಗಿರುತ್ತಿದ್ದ.

ಹೋದ ಬುಧವಾರ ನೊವೆನಾದಿಂದ ಬಂದ ಮೇಲೆ ಬಾಯಮ್ಮ ನನ್ನ ಮೇಜಿನ ಮೇಲಿದ್ದ ಪುಸ್ತಕ ಎತ್ತಿ ನೋಡಿದರು. ಓದು ಎಂದರು. ಎರಡು ಪುಟ ಓದಿದೆ. ಕೊಂಕಣಿ, ತುಳು, ಅಷ್ಟಿಷ್ಟು ಶಾಲೆಯ ಕನ್ನಡ ಬಲ್ಲ ಅವರಿಗೆ ಪೈಗಳ ಕನ್ನಡ ಏನೂ ಹತ್ತಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಯೇಸುವಿನ ಹೆಸರು ಬಂದಾಗ ಮಾತ್ರ ತಲೆ ಬಾಗಿಸಿ ಶಿಲುಬೆಯ ಗುರುತು ಮಾಡಿದರು. ನಿಲ್ಲಿಸಲೇ ಎಂದು ಕೇಳಿದೆ. ಬೇಡ ಎಂದರು.

“ಅವನ ತಾಯಿ ಎಲ್ಲಿದ್ದಾಳೆ ಇದರಲ್ಲಿ?”

ಈ ಓದಿನಲ್ಲಿ ಇನ್ನೂ ಅಲ್ಲಿಗೆ ಬಂದಿಲ್ಲ ಬಾಯಮ್ಮ ಎಂದು ಹೇಳಿ ಮುಂದಿನ ಪುಟ ತಿರುವಿದೆ.