ಮಹಾವೀರಾಚಾರ್ಯನ ಆಯತವೃತ್ತ: ಸುತ್ತಳತೆಯ ಎರಡು ಸೂತ್ರಗಳ ವಿಮರ್ಶೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಕನ್ನಡನಾಡಿನ ಶಾಸ್ತ್ರಪರಂಪರೆಯ ಹೆಮ್ಮೆಯ ಗ್ರಂಥ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಅಂದಿನಿಂದ, ದೀರ್ಘವೃತ್ತದ ಸುತ್ತಳತೆಗೆ ಸೂತ್ರವನ್ನು ಕೊಟ್ಟವನೆಂಬ ಕೀರ್ತಿ ಈ ಆಚಾರ್ಯನಿಗೆ ಸಂದಿದೆ. ಇತಿಹಾಸದ ತರಗತಿಗಳಲ್ಲಿ ನಾವೂ ಈ ಮಾತನ್ನು ಹೇಳುತ್ತೇವೆ. ಆದರೆ ಸೂತ್ರವನ್ನು ಲೆಕ್ಕಮಾಡಿ ನೋಡುವವರು ವಿರಳ. ಆ ಕೊರತೆಯನ್ನು ತುಂಬುವುದೇ ಈ ಟಿಪ್ಪಣಿಯ ಉದ್ದೇಶ.

ಗ್ರಂಥದ ಕ್ಷೇತ್ರಗಣಿತ ಭಾಗದಲ್ಲಿ ಹೇಳಿರುವ ಎಂಟು ಬಗೆಯ ವೃತ್ತಗಳಲ್ಲಿ ‘ಆಯತವೃತ್ತ’ವೂ ಒಂದು. ಪದದ ಅರ್ಥ ನೀಳವಾದ ವೃತ್ತವೆಂಬಷ್ಟೆ. ಇದರ ಸುತ್ತಳತೆಗೆ ಎರಡು ಸೂತ್ರಗಳಿವೆ. ವ್ಯಾವಹಾರಿಕ ಸೂತ್ರದಂತೆ, ಉದ್ದಕ್ಕೆ ಅಗಲದ ಅರ್ಧವನ್ನು ಕೂಡಿಸಿ ಇಮ್ಮಡಿಸಬೇಕು. ಸೂಕ್ಷ್ಮಸೂತ್ರದಂತೆ, ಅಗಲದ ವರ್ಗವನ್ನು ಆರರಿಂದ ಗುಣಿಸಿ, ಇಮ್ಮಡಿಸಿದ ಉದ್ದದ ವರ್ಗವನ್ನು ಕೂಡಿಸಿ, ವರ್ಗಮೂಲವನ್ನು ತೆಗೆಯಬೇಕು.

ಉದ್ದ ೩೬, ಅಗಲ ೧೨ ಎಂದು ಇಟ್ಟುಕೊಳ್ಳೋಣ. ಮೊದಲನೆಯ ಸೂತ್ರದಿಂದ ೮೪ ಬರುತ್ತದೆ; ಎರಡನೆಯದರಿಂದ ೬೦೪೮ರ ವರ್ಗಮೂಲ, ಎಂದರೆ ಸುಮಾರು ೭೭.೭೭. ಇಂದಿನ ಗಣಿತದಂತೆ ಈ ಅಳತೆಯ ದೀರ್ಘವೃತ್ತದ ಸುತ್ತಳತೆ ಸುಮಾರು ೮೦.೧೯. ಸೂಕ್ಷ್ಮಸೂತ್ರದ ತಪ್ಪು ನೂರಕ್ಕೆ ಮೂರರಷ್ಟು ಮಾತ್ರ. ದೀರ್ಘವೃತ್ತದ ಸುತ್ತಳತೆಗೆ ಸರಳವಾದ ನಿಖರ ಸೂತ್ರವೇ ಇಲ್ಲ. ೧೯೧೪ರಲ್ಲಿ ಶ್ರೀನಿವಾಸ ರಾಮಾನುಜನ್ ಅವರು ಕೊಟ್ಟದ್ದೂ, ಅತಿ ಸಮೀಪದ್ದಾದರೂ, ಸಮೀಪದ ಬೆಲೆಯೇ. ಇದನ್ನು ನೆನೆದಾಗ ಆಚಾರ್ಯನ ಸಾಧನೆ ಸಾಮಾನ್ಯವಲ್ಲ.

ಆದರೆ ಇಲ್ಲೊಂದು ತೊಡಕಿದೆ. ವೃತ್ತದ ಪರಿಧಿಯನ್ನು ಹೇಳುವಾಗ ವ್ಯಾವಹಾರಿಕವಾಗಿ ವ್ಯಾಸದ ಮೂರು ಪಾಲು, ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು ಪಾಲು. ಆದುದರಿಂದ ಸೂಕ್ಷ್ಮಫಲವೇ ಹೆಚ್ಚಿನದು. ನಮ್ಮ ಉದಾಹರಣೆಯಲ್ಲಿ ಸೂಕ್ಷ್ಮಫಲ ಕಡಮೆಯಾಗಿದೆ! ಹಾಗಾದರೆ ಎರಡು ಸೂತ್ರಗಳೂ ಒಂದೇ ಆಕೃತಿಯನ್ನು ಕುರಿತವೇ? ಆಯತವೊಂದರ ಎರಡು ತುದಿಗಳಿಗೆ ಅರ್ಧವೃತ್ತಗಳನ್ನು ಕೂಡಿಸಿದ ಆಕೃತಿಯನ್ನು ಭಾವಿಸಿರಿ. ನೇರವಾದ ಎರಡು ಬದಿಗಳು ೨೪ರಂತೆ ೪೮, ಅರ್ಧವೃತ್ತಗಳೆರಡೂ ಸೇರಿ, ಮೂರು ಪಾಲಿನ ಲೆಕ್ಕದಲ್ಲಿ, ೩೬, ಒಟ್ಟು ೮೪. ಯಾವ ಅಳತೆಯನ್ನು ತೆಗೆದುಕೊಂಡರೂ ಈ ಹೊಂದಿಕೆ ತಪ್ಪದು. ಆದರೆ ಸೂಕ್ಷ್ಮಸೂತ್ರ ಈ ಆಕೃತಿಗೆ ಹೊಂದದು. ಆದ್ದರಿಂದ ಆಯತವೃತ್ತವೆಂದರೆ ದೀರ್ಘವೃತ್ತವೇ ಎಂಬ ಸಮೀಕರಣ ಸಂಶಯಾತೀತವಲ್ಲ.

ಎರಡು ಸೂತ್ರಗಳಿಗೂ ಸಾಮಾನ್ಯವಾದ ಗುಣವೊಂದುಂಟು. ಅಗಲವು ಉದ್ದಕ್ಕೆ ಸಮನಾದರೆ ಎರಡೂ ಆಯಾ ವೃತ್ತಪರಿಧಿಯನ್ನೇ ಕೊಡುತ್ತವೆ. ಅಗಲ ಶೂನ್ಯವಾದರೆ ಉದ್ದದ ಎರಡರಷ್ಟನ್ನು ಕೊಡುತ್ತವೆ. ಎರಡು ಕೊನೆಗಳನ್ನು ಸರಿಪಡಿಸಿಕೊಂಡು ನಡುವಣ ದಾರಿಯನ್ನು ಊಹಿಸಿದ್ದೆಂದು ತೋರುತ್ತದೆ. ಇದು ನನ್ನ ಅನುಮಾನ ಮಾತ್ರ.

ಕ್ಷೇತ್ರಫಲದಲ್ಲಿ ಈ ಜಾಣ್ಮೆ ಕೈಕೊಟ್ಟಿದೆ. ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸಬೇಕೆಂಬ ನಿಯಮ ವೃತ್ತಕ್ಕೆ ಸರಿ. ನೀಳವಾದ ಆಕೃತಿಗೆ ಸಲ್ಲದು. ಇದರಿಂದ ಸೂಕ್ಷ್ಮಫಲ ಸುಮಾರು ೨೩೩. ದೀರ್ಘವೃತ್ತದ ನಿಜವಾದ ಕ್ಷೇತ್ರಫಲ ಸುಮಾರು ೩೩೯. ಹೊಲವೊಂದನ್ನು ಹೀಗೆ ಅಳೆದರೆ ಮೂರರಲ್ಲೊಂದು ಭಾಗಕ್ಕೆ ಸಮೀಪದಷ್ಟು ನೆಲವೇ ಲೆಕ್ಕದಿಂದ ಮಾಯವಾದೀತು.

ಸುತ್ತಳತೆಯನ್ನಷ್ಟೆ ಎತ್ತಿ ಹೊಗಳುವುದೂ, ಕ್ಷೇತ್ರಫಲವನ್ನಷ್ಟೆ ತೋರಿಸಿ ಹಳಿಯುವುದೂ ಇತಿಹಾಸವಾಗದು. ಶಾಸನವೊಂದನ್ನು ಓದುವಾಗ ಅಳಿಸಿಹೋದ ಅಕ್ಷರವನ್ನು ನಮಗೆ ಬೇಕಾದಂತೆ ತುಂಬಿಕೊಳ್ಳಬಾರದೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಪ್ರಾಚೀನ ಗಣಿತವನ್ನು ಓದುವಾಗಲೂ ಅದೇ ಕಟ್ಟುಪಾಡು ಬೇಕು. ಮಹಾವೀರಾಚಾರ್ಯನ ಹಿರಿಮೆ ಇಂಥ ಪರೀಕ್ಷೆಯಿಂದ ಕುಂದುವಷ್ಟು ಸಣ್ಣದಲ್ಲ.